ಪದ ಎಲ್ಲಿ ಮುಗಿಯುತ್ತೆ? ಜಪಾನಿ ಸಾಫ್ಟ್‌ವೇರ್‌ನಿಂದ ಕನ್ನಡಕ್ಕೊಂದು ಪಾಠ

ಶಿವಮೊಗ್ಗದಿಂದ ಮಾತಾಡ್ತಿದ್ದೀನಿ. ಇವತ್ತು ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ಫೋನಿನ ನೋಟ್ಸ್ ಆ್ಯಪ್ ತೆಗೆದು "ಈ ನಲ್ಲಿಯ ನೀರು ಕುಡಿಯಲು ಯೋಗ್ಯವಲ್ಲ" ಅಂತ ಟೈಪ್ ಮಾಡಿ. ಈಗ ಅದರಲ್ಲಿ "ಯೋಗ್ಯ" ಅಂತ ಹುಡುಕಿ. ಸಿಗುತ್ತೆ. "ಅಲ್ಲ" ಅಂತ ಹುಡುಕಿ. ಸಿಗಲ್ಲ!

ಕಾರಣ ನಾವು ಶಾಲೆಯಲ್ಲಿ ಓದಿದ ಸಂಧಿ. ಯೋಗ್ಯ + ಅಲ್ಲ ಸೇರಿದಾಗ ನಡುವೆ "ವ" ಬಂತು, "ಅ" ಅನ್ನೋ ಅಕ್ಷರ ಅದರೊಳಗೆ ಕರಗಿಹೋಯ್ತು. ಇದು ಆಗಮ ಸಂಧಿ. ನಮ್ಮ ಕಣ್ಣಿಗೆ ಅಲ್ಲಿ ಎರಡು ಪದ ಕಾಣುತ್ತೆ. ಫೋನಿಗೆ ಕಾಣೋದು ಅಕ್ಷರಗಳ ಸಾಲು ಮಾತ್ರ. ಹಾಗಾಗಿ "ಯೋಗ್ಯ" ಸಿಕ್ಕಿತು, ಅದನ್ನ ತಲೆಕೆಳಗು ಮಾಡೋ "ಅಲ್ಲ" ತಪ್ಪಿಸಿಕೊಳ್ತು.

ಈ ಸಮಸ್ಯೆಯನ್ನ ನಮಗಿಂತ ಜೋರಾಗಿ ಎದುರಿಸಿದವರು ಜಪಾನಿನವರು. ಅವರ ಬರವಣಿಗೆಯಲ್ಲಿ ಪದಗಳ ಮಧ್ಯೆ ಜಾಗವೇ ಬಿಡಲ್ಲ. ಅಲ್ಲಿ ಒಂದು ತಮಾಷೆಯ ವಾಕ್ಯ ಇದೆ: ಸುಮೊಮೊಮೊಮೊಮೊಮೊಮೊಮೊನೊಉಚಿ. ಎಂಟು "ಮೊ" ಸಾಲಾಗಿ! ಬಿಡಿಸಿದ್ರೆ ಸುಮೊಮೊ, ಮೊ, ಮೊಮೊ, ಮೊ, ಮೊಮೊ, ನೊ, ಉಚಿ. ಅಂದ್ರೆ ಪ್ಲಮ್ಮೂ ಪೀಚೂ ಎರಡೂ ಪೀಚ್ ಜಾತಿಯವೇ ಅಂತ.

ಇದನ್ನ ಬಿಡಿಸೋ ಒಂದು ಪ್ರಸಿದ್ಧ ಉಚಿತ ಸಾಫ್ಟ್‌ವೇರ್ ಮೆಕಾಬ್. ಮಾಡಿದವರು ತಾಕು ಕುಡೋ. ಮೆಕಾಬು ಅನ್ನೋದು ಕಡಲಪಾಚಿಯ ಒಂದು ತಿನಿಸು, ಅವರಿಗೆ ಅದು ಇಷ್ಟ ಅಂತ ಆ ಹೆಸರು.

ಅದು ಕೆಲಸ ಮಾಡೋ ರೀತಿ ನನ್ನಂಥ ಬಿ.ಕಾಂ. ಮಾಡಿದವನಿಗೂ ಅರ್ಥ ಆಗುತ್ತೆ, ಯಾಕಂದ್ರೆ ಅದು ಖರ್ಚಿನ ಲೆಕ್ಕ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಬೇಕು ಅಂದ್ಕೊಳ್ಳಿ. ನೇರ ಬಸ್ಸಿದೆ, ರೈಲಿದೆ, ಆಟೊ ಹಿಡಿದು ಇಳಿದು ಹತ್ತಿಯೂ ಹೋಗಬಹುದು. ಎಲ್ಲ ದಾರಿಯ ಖರ್ಚು ಕೂಡಿ, ಕಡಿಮೆ ಇರೋದನ್ನ ಆರಿಸ್ತೀವಿ. ಮೆಕಾಬ್ ಮಾಡೋದೂ ಅದನ್ನೇ. ನಿಘಂಟು ನೋಡಿ, ಒಂದು ಸಾಲನ್ನ ಎಷ್ಟು ಬಗೆಯಲ್ಲಿ ತುಂಡು ಮಾಡಬಹುದೋ ಅಷ್ಟೂ ದಾರಿ ಹಾಕುತ್ತೆ. ಪ್ರತಿ ಪದಕ್ಕೆ ಒಂದು ಬೆಲೆ, ಒಂದು ಪದದ ಪಕ್ಕ ಇನ್ನೊಂದು ಕೂರೋದಕ್ಕೆ ಇನ್ನೊಂದು ಬೆಲೆ. ಒಟ್ಟು ಮೊತ್ತ ಕಡಿಮೆ ಇರೋ ದಾರಿಯೇ ಉತ್ತರ.

ಉದಾಹರಣೆಗೆ, ಟೋಕಿಯೊ ಮಹಾನಗರ ಅಂತ ಬರೆಯೋಕೆ ಮೂರು ಅಕ್ಷರ ಸಾಕು. ಎರಡರ ನಂತರ ಕತ್ತರಿಸಿದ್ರೆ "ಟೋಕಿಯೊ ಮಹಾನಗರ". ಒಂದರ ನಂತರ ಕತ್ತರಿಸಿದ್ರೆ "ಪೂರ್ವ ಕ್ಯೋಟೊ". ಅಕ್ಷರ ಅವೇ, ಊರೇ ಬೇರೆ!

ಆದ್ರೆ ಈ ಬೆಲೆಗಳನ್ನ ನಿಗದಿ ಮಾಡೋದು ಯಾರು? ಇದೇ ಮುಖ್ಯ ಪ್ರಶ್ನೆ. ಮನುಷ್ಯರು ಮೊದಲೇ ಸರಿಯಾಗಿ ಬಿಡಿಸಿಟ್ಟ ವಾಕ್ಯಗಳನ್ನ ನೋಡಿ ಸಾಫ್ಟ್‌ವೇರ್ ಕಲಿಯುತ್ತೆ. ಕ್ಯೋಟೊ ವಿಶ್ವವಿದ್ಯಾಲಯದವರು ಮೈನಿಚಿ ಪತ್ರಿಕೆಯ 1995ರ ಬರಹಗಳಿಂದ ಸುಮಾರು 40,000 ವಾಕ್ಯಗಳನ್ನ ಹೀಗೆ ಬಿಡಿಸಿ, ಕೈಯಿಂದ ತಿದ್ದಿ ಇಟ್ಟಿದ್ದಾರೆ.

ಈಗ ಕನ್ನಡಕ್ಕೆ ಬರೋಣ. "ನಾವು ಜಾಗ ಬಿಟ್ಟು ಬರೀತೀವಲ್ಲ" ಅಂತೀರಾ? ಮೊದಲು ಬಿಡ್ತಿರಲಿಲ್ಲ. ನಮ್ಮ ಜಿಲ್ಲೆಯ ಹಳೆಗನ್ನಡ ಶಾಸನಗಳಲ್ಲೂ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಇರ್ತವೆ. ಬಿ.ಎಲ್. ರೈಸ್ ಅವರು ಅವನ್ನ 1902 ಮತ್ತು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳಲ್ಲಿ ತಂದ್ರು. ಅಂಥ ಕಲ್ಲಿನ ಬರಹದಲ್ಲಿ ಪದ ಎಲ್ಲಿ ಮುಗಿಯುತ್ತೆ ಅಂತ ತೀರ್ಮಾನಿಸೋದು ಓದುವವರ ಕೆಲಸ.

ಈಗ ಜಾಗ ಬಿಟ್ರೂ ಪೂರ್ತಿ ಬಿಡಿಸಿದಂತಾಗಲ್ಲ. "ಅವನಲ್ಲಿಲ್ಲ" ಅನ್ನೋದನ್ನ ತಗೊಳ್ಳಿ. ಅವನು + ಅಲ್ಲಿ + ಇಲ್ಲ ಅಂದ್ರೆ ಆಸಾಮಿ ಆ ಜಾಗದಲ್ಲಿಲ್ಲ. ಅವನಲ್ಲಿ + ಇಲ್ಲ ಅಂದ್ರೆ ಅವನ ಹತ್ತಿರ ಏನೋ ಇಲ್ಲ. ಇನ್ನು "ಭದ್ರಾವತಿಯಲ್ಲಿಳಿದೆ" ಅಂತ ಬರೆದ್ರೆ, ನಿಘಂಟಿನಲ್ಲಿ ಊರಿನ ಹೆಸರೇ ಇಲ್ಲದಿದ್ರೆ ಸಾಫ್ಟ್‌ವೇರ್ ಭದ್ರಾವತಿಯನ್ನೇ ತುಂಡು ಮಾಡಬಹುದು.

ನಿಯಮಗಳಿಗೆ ನಮ್ಮಲ್ಲಿ ಬರ ಇಲ್ಲ. 13ನೇ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿಗೆ ಒಂದು ಪ್ರಕರಣವನ್ನೇ ಇಟ್ಟ. ಆದ್ರೆ ಆ ನಿಯಮ ಎರಡು ಪದ ಸೇರಿದ್ರೆ ಏನಾಗುತ್ತೆ ಅಂತ ಹೇಳುತ್ತೆ. ಸೇರಿದ್ದನ್ನ ಬಿಡಿಸುವಾಗ ಎರಡು ಮೂರು ಉತ್ತರ ಬರಬಹುದು. ಯಾವುದು ಸರಿ ಅನ್ನೋದಕ್ಕೆ ನಿಘಂಟು ಬೇಕು, ಬಿಡಿಸಿಟ್ಟ ವಾಕ್ಯಗಳೂ ಬೇಕು.

ನಿಘಂಟಿನ ಕಡೆ ಒಳ್ಳೆ ಸುದ್ದಿ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ "ಅಲರ್" ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, ಯಾರು ಬೇಕಾದ್ರೂ ಬಳಸಬಹುದಾದ ಮುಕ್ತ ಪರವಾನಗಿ.

"ಈಗ ಎಐ ಇದೆಯಲ್ಲ, ಇದೆಲ್ಲ ಯಾಕೆ?" ಅಂತ ಕೇಳಬಹುದು. ಎಐ ಕೂಡ ಮೊದಲು ಬರಹವನ್ನ ತುಂಡು ಮಾಡಿಯೇ ಓದೋದು. ಆದ್ರೆ ಸಾಮಾನ್ಯವಾಗಿ ಅರ್ಥ ನೋಡಿ ಅಲ್ಲ, ಯಾವ ಅಕ್ಷರಗಳು ಎಷ್ಟು ಸಲ ಒಟ್ಟಿಗೆ ಬಂದಿವೆ ಅನ್ನೋ ಲೆಕ್ಕದಲ್ಲಿ. ಅದಕ್ಕೆ ಸಿಕ್ಕ ಕನ್ನಡ ಕಡಿಮೆ ಇದ್ರೆ ತುಂಡುಗಳು ಪುಡಿಪುಡಿ ಆಗ್ತವೆ.

ಕನ್ನಡದ ಅಂಟಿಕೊಂಡ ಪದದಲ್ಲಿ ಇಲ್ಲ, ಅಲ್ಲ, ಬೇಡ, ಕೂಡದು ಇಂಥವೂ ಬಾಲವಾಗಿ ಕೂರ್ತವೆ. ಅರ್ಜಿ, ಔಷಧಿ ಚೀಟಿ, ನೀರಿನ ನೋಟಿಸು, ಎಲ್ಲದರಲ್ಲೂ ಜೀವ ಇರೋದು ಆ ಬಾಲದಲ್ಲೇ. ಕನ್ನಡ ಓದೋ ಯಾವುದೇ ಆ್ಯಪ್ ಚೆನ್ನಾಗಿದೆ ಅಂತ ಯಾರಾದ್ರೂ ಹೇಳಿದ್ರೆ, ಒಂದೇ ಒಂದು ವಾಕ್ಯ ಕೊಟ್ಟು ನೋಡಿ: "ಈ ನೀರು ಕುಡಿಯಲು ಯೋಗ್ಯವಲ್ಲ". ಕುಡಿಬಹುದಾ ಅಂತ ಕೇಳಿ. ಅದು ಕೊಟ್ಟ ಉತ್ತರ ಕಾಮೆಂಟಿನಲ್ಲಿ ಹಾಕಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.