ಸಾಲ ಬಂದ ದಿನ ಆ್ಯಪ್ ಏನು ಬರೆಯುತ್ತದೆ?

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜಿನ ಹಣ ಬರುವುದು ವರ್ಷದಲ್ಲಿ ಕೆಲವೇ ತಿಂಗಳು. ಹಾಸನದ ಆಲೂಗೆಡ್ಡೆ ಮುಂಗಾರಿಗೆ ಬಿತ್ತಿ ಮೂರು ತಿಂಗಳಿಗೆ ಕೀಳುವ ಬೆಳೆ. ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ ಕೆಡವಿದಾಗ ಕಾಸು. ಹೊಳೆನರಸೀಪುರದ ಎಷ್ಟೋ ಮನೆಗಳಲ್ಲಿ ಸಂತೆಯ ಖರ್ಚು ನಡೆಯುವುದು ಡೇರಿಯ ಬಟವಾಡೆಯಿಂದ. ಆದರೆ ಫೋನಿನಲ್ಲಿ ಸಿಗುವ ಮನೆಲೆಕ್ಕದ ಆ್ಯಪ್‌ಗಳಲ್ಲಿ ಹೆಚ್ಚಿನವು ತಿಂಗಳ ಸಂಬಳದವರಿಗಾಗಿ ಕಟ್ಟಿದವು. ಆರಿಸುವ ಮೊದಲು ಅವು ಒಳಗೆ ಹೇಗೆ ಕೆಲಸ ಮಾಡುತ್ತವೆ ಎಂದು ನೋಡಬೇಕು.

ಒಂದು ಬಗೆಯ ಆ್ಯಪ್ ಬ್ಯಾಂಕಿನ ಎಸ್ಸೆಮ್ಮೆಸ್ ಓದುತ್ತದೆ. ‘ಡೆಬಿಟ್’ ಎಂಬ ಪದ ಕಂಡರೆ ಪಕ್ಕದ ಮೊತ್ತವನ್ನು ಖರ್ಚಿಗೆ, ‘ಕ್ರೆಡಿಟ್’ ಕಂಡರೆ ಆದಾಯಕ್ಕೆ ಹಾಕುತ್ತದೆ. ಕೆಲಸ ಸಲೀಸು, ಎಡವಟ್ಟೂ ಅಲ್ಲೇ. ಎಟಿಎಂನಿಂದ ₹5,000 ತೆಗೆದಿರಿ. ಹಣ ಇನ್ನೂ ಜೇಬಿನಲ್ಲೇ ಇದೆ, ಆ್ಯಪ್ ಆಗಲೇ ಖರ್ಚು ಬರೆದಿರುತ್ತದೆ. ಅದರಲ್ಲಿ ₹1,200 ಗೊಬ್ಬರಕ್ಕೆ ಕೊಟ್ಟು ನೀವೂ ಬರೆದರೆ ಒಂದೇ ಹಣಕ್ಕೆ ಎರಡು ಸಲ ಲೆಕ್ಕ. ಸೊಸೈಟಿಯ ಬೆಳೆಸಾಲ ಜಮೆಯಾದ ದಿನವಂತೂ ಆ್ಯಪ್ ಅದನ್ನು ‘ಆದಾಯ’ ಎಂದುಬಿಡಬಹುದು. ನನ್ನ ಕಣ್ಣಿಗೆ ಇದೇ ದೊಡ್ಡ ಅಪಾಯ: ತೀರಿಸಬೇಕಾದ ಹಣ ದುಡಿದ ಹಣದಂತೆ ಕಾಣುತ್ತದೆ.

ಇದಕ್ಕೆ ಮದ್ದು ಹಳೆಯದು. ಇಟಲಿಯ ಲೂಕಾ ಪಾಚೋಲಿ 1494ರಲ್ಲೇ ಅಚ್ಚು ಹಾಕಿಸಿ ವಿವರಿಸಿದ ಜೋಡಿ ನಮೂದು ಪದ್ಧತಿ. ಪ್ರತಿ ವ್ಯವಹಾರವೂ ಎರಡು ಖಾತೆ ಮುಟ್ಟಬೇಕು. ಎಟಿಎಂ ಹಣ ಬ್ಯಾಂಕಿನಲ್ಲಿ ಕಳೆದು ಕೈಹಣದಲ್ಲಿ ಕೂಡುತ್ತದೆ. ಖರ್ಚಿನ ಖಾತೆ ಮುಟ್ಟುವುದೇ ಇಲ್ಲ. ಬೆಳೆಸಾಲ ಬಂದರೆ ಬ್ಯಾಂಕೂ ಏರುತ್ತದೆ, ಸಾಲವೂ ಏರುತ್ತದೆ. ಅಂಗಡಿಗಳಲ್ಲಿ ಕಾಣುವ ಬೆಂಗಳೂರಿನ ಟ್ಯಾಲಿ ತಂತ್ರಾಂಶ ನಿಂತಿರುವುದು ಈ ಪದ್ಧತಿಯ ಮೇಲೆಯೇ. ಮನೆಗೆ ಅದು ಭಾರ. ಉಚಿತವಾಗಿ ಸಿಗುವ ಗ್ನೂಕ್ಯಾಶ್ ತಂತ್ರಾಂಶ ಸಾಕು. ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಕಲಿಯಲು ಮಾತ್ರ ಒಂದೆರಡು ವಾರ ಕೂರಬೇಕು.

ಇನ್ನೊಂದು ಬಗೆ, ಕೈಗೆ ಬಂದ ಹಣವನ್ನಷ್ಟೇ ಬೇರೆ ಬೇರೆ ಲಕೋಟೆಗೆ ಹಂಚುವುದು. ಅಮೆರಿಕದ ವೈನ್ಯಾಬ್ ಆ್ಯಪ್ ಹೀಗೆ ನಡೆಯುತ್ತದೆ, ಅದಕ್ಕೆ ಚಂದಾ ಕಟ್ಟಬೇಕು. ಆಲೂಗೆಡ್ಡೆ, ತಂಬಾಕಿನ ಮನೆಗೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ: ಮಾರಿದ ದಿನವೇ ಮುಂದಿನ ಬಿತ್ತನೆಯದು, ಮಕ್ಕಳ ಫೀಸಿನದು ಎಂದು ಎತ್ತಿಡಬಹುದು. ಎಕ್ಸೆಲ್ ಹಾಳೆಯಲ್ಲೂ ಇದನ್ನು ಮಾಡಬಹುದು.

ಯಾವ ಆ್ಯಪ್ ಆದರೂ ಮುಚ್ಚಿಹೋಗಬಹುದು: ಲಕ್ಷಾಂತರ ಜನರು ಬಳಸುತ್ತಿದ್ದ ಅಮೆರಿಕದ ಮಿಂಟ್ ಆ್ಯಪ್ 2024ರ ಮಾರ್ಚಿನಲ್ಲಿ ಬಾಗಿಲು ಹಾಕಿತು. ಹಾಗಾಗಿ ಲೆಕ್ಕವನ್ನು ಫೈಲಾಗಿ ಹೊರತೆಗೆಯಲು ಬಿಡದ ಆ್ಯಪ್ ಬೇಡ. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಕೇಳುವುದಂತೂ ಬೇಡವೇ ಬೇಡ; ರಿಸರ್ವ್ ಬ್ಯಾಂಕ್ ಪರವಾನಗಿಯ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಕೊಡದೆಯೇ, ನೀವು ಒಪ್ಪಿದ ಅವಧಿಗೆ ಮಾತ್ರ ಮಾಹಿತಿ ಹಂಚಬಹುದು.

ನಿಮ್ಮ ಫೋನಿನಲ್ಲಿ ಈಗಾಗಲೇ ಇಂಥ ಆ್ಯಪ್ ಇದ್ದರೆ ಇವತ್ತೇ ₹50,000 ಸಾಲ ಬಂದಂತೆ ಒಂದು ನಮೂದು ಹಾಕಿ ನೋಡಿ. ಅದನ್ನು ಸಾಲವೆಂದು ಬರೆಯಲು ಜಾಗವೇ ಇಲ್ಲದಿದ್ದರೆ ಆ ಆ್ಯಪ್ ತೆಗೆದುಹಾಕಿ.