ಕುದುರೆ ಕೊಳ್ಳಲು ಹೋದವನ ಪ್ರೇಮಕಥೆ

ಟೆಕ್ಸಾಸ್‌ನ ಸಿರಿವಂತ ಜಮೀನ್ದಾರನೊಬ್ಬ ಒಳ್ಳೆಯ ತಳಿಯ ಕುದುರೆಯೊಂದನ್ನು ಕೊಳ್ಳಲು ದೂರದ ಮೇರಿಲ್ಯಾಂಡ್‌ಗೆ ಹೋಗುತ್ತಾನೆ. ವಾಪಸು ಬರುವಾಗ ಕುದುರೆಯ ಜೊತೆಗೆ ಆ ಮನೆಯ ಮಗಳೂ ಬರುತ್ತಾಳೆ, ಅವನ ಹೆಂಡತಿಯಾಗಿ. 1956ರಲ್ಲಿ ತೆರೆಕಂಡ ‘ಜೈಂಟ್’ ಚಿತ್ರ ಶುರುವಾಗುವುದು ಹೀಗೆ. ಎಡ್ನಾ ಫರ್ಬರ್ 1952ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ನಿರ್ದೇಶಕ ಜಾರ್ಜ್ ಸ್ಟೀವನ್ಸ್. ಎಲಿಜಬೆತ್ ಟೇಲರ್, ರಾಕ್ ಹಡ್ಸನ್, ಜೇಮ್ಸ್ ಡೀನ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಚಿತ್ರ ಬಿಡುಗಡೆಯಾಗುವ ಮುನ್ನವೇ ಡೀನ್ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರಿಂದ ಜನ ಇದನ್ನು ಹೆಚ್ಚಾಗಿ ಅವನ ಕೊನೆಯ ಚಿತ್ರವೆಂದೇ ನೆನೆಯುತ್ತಾರೆ. ಆದರೆ ಮೂರು ಗಂಟೆಗೂ ಮೀರಿದ ಈ ಕಥೆಯ ತಿರುಳು ಬೇರೆ. ದನ, ಕುದುರೆಗಳ ತಳಿಯನ್ನೇ ನಂಬಿ ಬದುಕಿದ ಹಳ್ಳಿಗಾಡಿನ ಮನೆತನಕ್ಕೆ ಇದ್ದಕ್ಕಿದ್ದಂತೆ ತೈಲದ ದುಡ್ಡು ಬಂದಾಗ ಏನಾಗುತ್ತದೆ ಎಂಬುದೇ ಅದು.

ಬಿಕ್ ಬೆನೆಡಿಕ್ಟ್‌ನ ಜಮೀನಿನ ಹೆಸರು ರಿಯಾಟಾ. ಕಣ್ಣು ಹಾಯಿಸಿದಷ್ಟೂ ದೂಳು, ನಡುವೆ ಒಂಟಿ ಬಂಗಲೆ. ಹೆಂಡತಿ ಲೆಸ್ಲಿಗೆ ಅಲ್ಲಿ ಎಲ್ಲವೂ ಹೊಸತು. ಬಿಸಿಲು ಹೊಸತು, ಊಟ ಹೊಸತು, ಗಂಡಸರು ರಾಜಕೀಯ ಮಾತಾಡುವಾಗ ಹೆಂಗಸರು ಎದ್ದು ಹೋಗಬೇಕೆಂಬ ಕಟ್ಟಳೆಯೂ ಹೊಸತು. ಮನೆಯ ಯಜಮಾನಿಕೆ ನಾದಿನಿ ಲಜ್‌ಳ ಕೈಯಲ್ಲಿದೆ. ತಮ್ಮನ ಹೆಂಡತಿಯ ಮೇಲಿನ ಸಿಟ್ಟನ್ನು ಲಜ್ ತೀರಿಸಿಕೊಳ್ಳುವುದು ಅವಳ ಪ್ರೀತಿಯ ಕುದುರೆಯ ಮೇಲೆ. ಮುಳ್ಳುಹಿಮ್ಮಡಿಯಿಂದ ಅದನ್ನು ತಿವಿಯುತ್ತಾಳೆ, ಅದು ಅವಳನ್ನು ಕೆಡವುತ್ತದೆ, ಲಜ್ ಸಾಯುತ್ತಾಳೆ. ಅವಳು ಸಾಯುವ ಮುನ್ನ ಮನೆಯ ಆಳು ಜೆಟ್ ರಿಂಕ್‌ಗೆ ಒಂದು ತುಂಡು ನೆಲ ಬರೆದಿಟ್ಟಿದ್ದಳು. ಅದನ್ನು ಹಿಂದಕ್ಕೆ ಕೊಳ್ಳಲು ಬಿಕ್ ಹೆಚ್ಚು ಹಣ ಕೊಡುತ್ತೇನೆಂದರೂ ಜೆಟ್ ಒಪ್ಪುವುದಿಲ್ಲ. ಮುಂದೆ ಆ ತುಂಡು ನೆಲದಲ್ಲೇ ತೈಲ ಚಿಮ್ಮುತ್ತದೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಬಿಕ್ ಕೂಡ ಮಣಿದು ತನ್ನ ನೆಲ ಕೊರೆಯಲು ಬಿಡುತ್ತಾನೆ. ದನ ಮೇಯುತ್ತಿದ್ದಲ್ಲಿ ತೈಲಬಾವಿಗಳು ಏಳುತ್ತವೆ, ಮನೆಯ ಪಕ್ಕದಲ್ಲಿ ಈಜುಕೊಳ ಬರುತ್ತದೆ. ಬಾರದಿರುವುದು ಒಂದೇ, ಉತ್ತರಾಧಿಕಾರಿ. ಮಗನಿಗೆ ನಾಲ್ಕು ವರ್ಷ ತುಂಬಿದ ದಿನ ಬಿಕ್ ಅವನನ್ನು ಬಲವಂತವಾಗಿ ಕುದುರೆಯ ಮೇಲೆ ಕೂರಿಸಿದ್ದ. ಹುಡುಗ ಹೆದರಿ ಅತ್ತಿದ್ದ. ಅದೇ ಕುದುರೆಯ ಮೇಲೆ ಮೆಕ್ಸಿಕನ್ ಆಳಿನ ಮಗ ಆಂಜೆಲ್ ನಗುತ್ತ ಕೂತಿದ್ದ. ಒಳ್ಳೆಯ ರಕ್ತಕ್ಕೆ ಒಳ್ಳೆಯ ಮರಿ ಹುಟ್ಟುತ್ತದೆಂದು ನಂಬಿದವನಿಗೆ ಅದು ನುಂಗಲಾರದ ತುತ್ತು.

ಈ ಕಥೆಯ ಹಿಂದೆ ನಿಜವಾದ ಒಂದು ಮನೆತನವಿದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ದಕ್ಷಿಣ ಟೆಕ್ಸಾಸ್‌ನ ಕಿಂಗ್ ರಾಂಚ್. ಹಬೆದೋಣಿ ನಡೆಸುತ್ತಿದ್ದ ರಿಚರ್ಡ್ ಕಿಂಗ್ 1853ರಲ್ಲಿ ಇದನ್ನು ಆರಂಭಿಸಿದ. ಅವನದೂ ಒಂದು ಪ್ರೇಮಕಥೆಯೇ. ದಡದಲ್ಲಿ ತನ್ನ ದೋಣಿಗೆ ಅಡ್ಡವಾಗಿದ್ದ ಇನ್ನೊಂದು ದೋಣಿಯನ್ನು ಕಂಡು ಬಾಯಿಗೆ ಬಂದಂತೆ ಬೈದನಂತೆ. ಅದರಲ್ಲಿದ್ದ ಪಾದ್ರಿಯ ಮಗಳು ಹೆನ್ರಿಯೆಟ್ಟಾ ತಿರುಗಿಸಿ ಕೊಟ್ಟಳಂತೆ. 1854ರಲ್ಲಿ ಅವರ ಮದುವೆಯಾಯಿತು. ಅದೇ ಕಾಲದಲ್ಲಿ ಬರಗಾಲಕ್ಕೆ ತತ್ತರಿಸಿದ್ದ ಮೆಕ್ಸಿಕೋದ ಒಂದು ಹಳ್ಳಿಯ ದನಗಳನ್ನೆಲ್ಲ ಕಿಂಗ್ ಕೊಂಡ. ಬಳಿಕ ಹಳ್ಳಿಗರನ್ನೂ ತನ್ನಲ್ಲಿಗೆ ಕರೆದ. ಅವರ ವಂಶದವರನ್ನು ‘ಕಿನೆನ್ಯೋಸ್’ ಅಂದರೆ ಕಿಂಗ್‌ನ ಜನ ಎನ್ನುತ್ತಾರೆ. ಕುದುರೆ ಪಳಗಿಸುವ ವಿದ್ಯೆಯಲ್ಲಿ ತಲೆಮಾರುಗಳ ಕಾಲ ಆ ಮನೆತನ ನೆಚ್ಚಿದ್ದು ಇವರನ್ನೇ.

ಇಲ್ಲಿ 1915ರಲ್ಲಿ ಹುಟ್ಟಿದ ‘ಓಲ್ಡ್ ಸಾರೆಲ್’ ಎಂಬ ಕುದುರೆಯಿಂದ ಒಂದು ವಂಶವೇ ಬೆಳೆಯಿತು. ಕಾಲು ಮೈಲಿ ಓಟದಲ್ಲಿ ಮಿಂಚುವ ‘ಕ್ವಾರ್ಟರ್ ಹಾರ್ಸ್’ ತಳಿಯ ನೋಂದಣಿ ಪುಸ್ತಕದಲ್ಲಿ ಒಂದನೆಯ ಸಂಖ್ಯೆ ಪಡೆದ ‘ವಿಂಪಿ’ ಅದರ ಮೊಮ್ಮಗ. 1933ರಲ್ಲಿ ತೈಲ ಕಂಪನಿಯೊಡನೆ ಗುತ್ತಿಗೆಯಾದ ಮೇಲೆ ಮನೆತನದ ದೆಸೆ ಬದಲಾಯಿತು. ಹೊಸ ಹಣ ಓಟದ ಕುದುರೆಗಳ ಮೇಲೂ ಹರಿಯಿತು. ಅವುಗಳಲ್ಲಿ ‘ಅಸಾಲ್ಟ್’ ಎಂಬುದು ಮರಿಯಾಗಿದ್ದಾಗ ಚೂಪಾದ ವಸ್ತುವೊಂದನ್ನು ತುಳಿದು ಗೊರಸು ಕೆಡಿಸಿಕೊಂಡಿತ್ತು, ನಡೆಯುವಾಗ ಕುಂಟುತ್ತಿತ್ತು. ಆ ಕುಂಟು ಕುದುರೆ 1946ರಲ್ಲಿ ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್ ಮೂರನ್ನೂ ಗೆದ್ದು ಅಮೆರಿಕದ ‘ತ್ರಿವಳಿ ಕಿರೀಟ’ ಧರಿಸಿತು.

ಶುದ್ಧ ರಕ್ತದ ಮಾತಾಡುವವರು ಗಮನಿಸಬೇಕಾದ ಸಂಗತಿಯೊಂದಿದೆ. ಕ್ವಾರ್ಟರ್ ಹಾರ್ಸ್ ಎಂಬುದೇ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಮೂಲದ ಕುದುರೆಗಳ ಬೆರಕೆ. ಕಿಂಗ್ ರಾಂಚ್ ಜಗತ್ತಿಗೆ ಕೊಟ್ಟ ‘ಸಾಂತಾ ಗರ್ಟ್ರೂಡಿಸ್’ ದನದ ತಳಿಯೂ ಅಷ್ಟೆ. ಅದರಲ್ಲಿ ಎಂಟರಲ್ಲಿ ಐದು ಪಾಲು ಇಂಗ್ಲೆಂಡಿನ ಷಾರ್ಟ್‌ಹಾರ್ನ್, ಮೂರು ಪಾಲು ಅಮೆರಿಕನ್ ಬ್ರಾಹ್ಮನ್. ಆ ಬ್ರಾಹ್ಮನ್ ತಳಿ ರೂಪುಗೊಂಡಿದ್ದು ನಮ್ಮ ಭಾರತದ ದನಗಳಿಂದ. ಗೀರ್, ಕಾಂಕ್ರೇಜ್, ಓಂಗೋಲ್‌ಗಳ ಜೊತೆ ಬೆಳಗಾವಿ, ವಿಜಯಪುರ ಸೀಮೆಯ ಕೃಷ್ಣಾ ಕಣಿವೆ ತಳಿಯೂ ಅದರ ಮೂಲದಲ್ಲಿದೆ. ಟೆಕ್ಸಾಸ್‌ನ ಸೆಕೆ ಮತ್ತು ಉಣ್ಣೆಗಳ ಕಾಟವನ್ನು ತಾಳಲು ಈ ಹೊರಗಿನ ರಕ್ತವೇ ಬೇಕಾಯಿತು.

ದನಗಳಲ್ಲಿ ಒಪ್ಪಿದ್ದನ್ನು ಮನುಷ್ಯರಲ್ಲಿ ಒಪ್ಪಲು ಬಿಕ್‌ಗೆ ಇಪ್ಪತ್ತೈದು ವರ್ಷ ಹಿಡಿಯುತ್ತದೆ. ಮಗ ವೈದ್ಯನಾಗಿ ಮೆಕ್ಸಿಕನ್ ಹುಡುಗಿ ಹ್ವಾನಾಳನ್ನು ಮದುವೆಯಾಗುತ್ತಾನೆ. ಕುದುರೆಯ ಮೇಲೆ ನಗುತ್ತಿದ್ದ ಆಂಜೆಲ್ ಯುದ್ಧದಲ್ಲಿ ಸತ್ತು ಪೆಟ್ಟಿಗೆಯಲ್ಲಿ ಊರಿಗೆ ಬರುತ್ತಾನೆ. ಜೆಟ್‌ನ ಭವ್ಯ ಹೋಟೆಲಿನ ಸೌಂದರ್ಯ ಮಳಿಗೆಯಲ್ಲಿ, ಅದೂ ಬೆನೆಡಿಕ್ಟರ ಸೊಸೆಗೆ, ಮೆಕ್ಸಿಕನ್ ಎಂಬ ಕಾರಣಕ್ಕೆ ಸೇವೆ ನಿರಾಕರಿಸುತ್ತಾರೆ. ಊರಿಗೆ ಮರಳುವ ದಾರಿಯ ಸಣ್ಣ ಹೋಟೆಲೊಂದರಲ್ಲಿ ಮಾಲೀಕ ಬಿಕ್‌ನ ಮೊಮ್ಮಗನನ್ನೇ ಹೀಯಾಳಿಸುತ್ತಾನೆ. ಆಮೇಲೆ ಬಡ ಮೆಕ್ಸಿಕನ್ ಕುಟುಂಬವೊಂದನ್ನು ಹೊರಗೆ ದಬ್ಬಲು ಹೋಗುತ್ತಾನೆ. ಬಿಕ್ ಎದ್ದು ನಿಲ್ಲುತ್ತಾನೆ. ಮೊದಲು ಹೆಸರು ಹೇಳಿ ನೋಡುತ್ತಾನೆ, ಅದು ನಡೆಯುವುದಿಲ್ಲ. ಕೈಗೆ ಕೈ ಹತ್ತುತ್ತದೆ. ವಯಸ್ಸಾದ ಬಿಕ್ ಚೆನ್ನಾಗಿ ಹೊಡೆತ ತಿಂದು ಎಂಜಲು ತಟ್ಟೆಗಳ ನಡುವೆ ಬೀಳುತ್ತಾನೆ. ಅಷ್ಟು ವರ್ಷಗಳ ಸಂಸಾರದಲ್ಲಿ ಅವನ ಬಗ್ಗೆ ತನಗೆ ಅತಿ ಹೆಚ್ಚು ಹೆಮ್ಮೆಯಾಗಿದ್ದು ಆವತ್ತೇ ಎಂದು ಲೆಸ್ಲಿ ಆಮೇಲೆ ಹೇಳುತ್ತಾಳೆ. ಪ್ರೇಮಕಥೆ ಮುಟ್ಟುವ ಎತ್ತರ ಅದೇ.

ಪುಣೆಯ ಹಿಂಜವಡಿಯಲ್ಲೋ ದೇವನಹಳ್ಳಿಯ ಸುತ್ತಲೋ ನೆಲ ಮಾರಿ ರಾತ್ರೋರಾತ್ರಿ ಶ್ರೀಮಂತರಾದವರನ್ನು ನಾವೂ ಕಂಡಿದ್ದೇವೆ. ಕಾರು ಬರುತ್ತದೆ, ಮೂರಂತಸ್ತಿನ ಮನೆ ಏಳುತ್ತದೆ. ಹೊರನಾಡಿನಲ್ಲಿರುವ ನಮ್ಮ ಮನೆಗಳಿಗೆ ಮರಾಠಿಯ ಸೊಸೆಯೂ ಬರುತ್ತಾಳೆ, ತೆಲುಗಿನ ಅಳಿಯನೂ ಬರುತ್ತಾನೆ. ಎರಡನೆಯದಕ್ಕೆ ಹೊಂದಿಕೊಳ್ಳುವುದೇ ಹೆಚ್ಚು ಕಷ್ಟ ಎಂಬುದು ನಮ್ಮಲ್ಲಿ ಅನೇಕರ ಅನುಭವ.

ಕೊನೆಯ ದೃಶ್ಯದಲ್ಲಿ ಇಬ್ಬರು ಮೊಮ್ಮಕ್ಕಳು ಕಟಕಟೆಯೊಳಗೆ ನಿಂತಿದ್ದಾರೆ. ಒಂದು ಮಗು ಬಿಳಿ, ಇನ್ನೊಂದು ಕಂದು. ಅಜ್ಜ ಸೋಫಾದಲ್ಲಿ ಕೂತು ಇನ್ನೂ ಗೊಣಗುತ್ತಿದ್ದಾನೆ. ಮಕ್ಕಳು ಮಾತ್ರ ಕಣ್ಣರಳಿಸಿ ಅವನನ್ನೇ ನೋಡುತ್ತಿವೆ.