ಕೊನೆಯ ಹೈಡ್ರೆಂಟ್‌ಗೂ ನೀರು ಮುಟ್ಟಬೇಕು

ಬೆಂಕಿ ಆರಿಸುವ ಪೈಪುಗಳಲ್ಲಿ ನೀರಿನ ಒತ್ತಡ ಮುಖ್ಯವಾಗಿ ಎರಡು ಕಾರಣಕ್ಕೆ ಕುಗ್ಗುತ್ತದೆ: ಎತ್ತರ ಮತ್ತು ಘರ್ಷಣೆ. ನೀರು 10 ಮೀಟರ್ ಮೇಲೇರಿದರೆ ಸುಮಾರು 1 ಬಾರ್ ಕಡಿಮೆಯಾಗುತ್ತದೆ. ಬಹುಮಹಡಿ ಕಟ್ಟಡದ ತುತ್ತತುದಿಯ ಹೈಡ್ರೆಂಟ್‌ನಲ್ಲಿ 3.5 ಬಾರ್ ಒತ್ತಡ ಉಳಿಯಬೇಕು. ಅಂದರೆ 30 ಮೀಟರ್ ಎತ್ತರಕ್ಕೆ ಪಂಪ್ ಕನಿಷ್ಠ 6.5 ಬಾರ್ ಕೊಡಬೇಕು. ಘರ್ಷಣೆಯ ಲೆಕ್ಕ ಬೇರೆ.

ಎತ್ತರ ಕಣ್ಣಿಗೆ ಕಾಣುತ್ತದೆ, ಘರ್ಷಣೆ ಕಾಣುವುದಿಲ್ಲ. ಎಡವುವುದು ಅಲ್ಲಿಯೇ. ವಾಡಿಯ ಸಿಮೆಂಟ್ ಕಾರ್ಖಾನೆಯಂಥ ಕಡೆ ಕಲ್ಲಿದ್ದಲ ರಾಶಿ, ಕನ್ವೇಯರ್ ಬೆಲ್ಟ್, ಕೇಬಲ್ ಹಾದಿ ಎಲ್ಲವನ್ನೂ ಕಾಯಲು ಪಂಪ್‌ಹೌಸಿನಿಂದ ನೂರಾರು ಮೀಟರ್ ಪೈಪು ಎಳೆಯಬೇಕಾಗುತ್ತದೆ. ನಿಮಿಷಕ್ಕೆ 2280 ಲೀಟರ್ ಹರಿಯುವಾಗ 100 ಮಿ.ಮೀ. ಉಕ್ಕಿನ ಪೈಪು ಪ್ರತಿ 100 ಮೀಟರಿಗೆ ಸುಮಾರು 2.6 ಬಾರ್ ನುಂಗುತ್ತದೆ. 150 ಮಿ.ಮೀ. ಪೈಪಿನಲ್ಲಿ ಈ ನಷ್ಟ 0.4 ಬಾರ್ ಕೂಡ ಇಲ್ಲ. ವ್ಯಾಸ ಒಂದೂವರೆ ಪಟ್ಟು ಹೆಚ್ಚಿದರೆ ನಷ್ಟ ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ! ಸಣ್ಣ ಪೈಪು ಹಾಕಿ ದೊಡ್ಡ ಪಂಪ್ ತರುವುದು ಜಾಣತನವಲ್ಲ.

ವರ್ಷಗಳು ಕಳೆದಂತೆ ತುಕ್ಕು ಕಟ್ಟಿ ಒಳದಾರಿ ಇನ್ನಷ್ಟು ಕಿರಿದಾಗುತ್ತದೆ. ಆದ್ದರಿಂದ ಪಂಪಿನ ಬಳಿಯ ಒತ್ತಡಮಾಪಕ ನೋಡಿ ಸಮಾಧಾನಪಡಬಾರದು. ಅತಿ ದೂರದ ಹೈಡ್ರೆಂಟ್ ತೆರೆದು, ನೀರು ಹರಿಯುತ್ತಿರುವಾಗಲೇ ಒತ್ತಡ ಅಳೆಯಬೇಕು.